ಬೆಟ್ಟ ಏರುವ ದಾರಿ

ದೊಡ್ಡಗಾಜನೂರು ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಪ್ರದೇಶದಲ್ಲಿರುವ ಒಂದು ಊರು. ಅಲ್ಲಿಂದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟ್ ರಸ್ತೆಯನ್ನು ಇಳಿಯಬೇಕು. ಮಕ್ಕಳೇ, ನೀವು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೀರಾ? ಬಸ್ಸು ಒಮ್ಮೆ ಎಡಕ್ಕೆ ವಾಲುತ್ತದೆ, ಒಮ್ಮೆ ಬಲಕ್ಕೆ ವಾಲುತ್ತದೆ. ಕೆಲವರಿಗೆ ತಲೆ ಸುತ್ತುತ್ತದೆ. ಕಿಟಕಿಯ ಪಕ್ಕ ಕುಳಿತವರು ತಿರುವುಗಳನ್ನು ಎಣಿಸುತ್ತಾರೆ. ದಿಂಬಂನಿಂದ ಬಣ್ಣಾರಿಯವರೆಗೆ ಒಟ್ಟು 27 ತಿರುವುಗಳಿವೆ. ಒಂದೊಂದೂ ಅಮ್ಮ ತಲೆಗೆ ಸಿಕ್ಕಿಸುವ ಪಿನ್ನಿನಂತೆ ಬಾಗಿದೆ. ಆದುದರಿಂದಲೇ ಇವನ್ನು ಹೇರ್‌ಪಿನ್ ತಿರುವುಗಳು ಎನ್ನುತ್ತಾರೆ.

ಇಷ್ಟೊಂದು ತಿರುವುಗಳೇಕೆ? ಬೆಟ್ಟದ ತುದಿಯಿಂದ ಬುಡಕ್ಕೆ ನೇರವಾಗಿ ಒಂದೇ ದಾರಿ ಮಾಡಬಹುದಿತ್ತಲ್ಲವೇ? ಇದಕ್ಕೆ ಉತ್ತರವನ್ನು ನಿಮ್ಮ ತರಗತಿಯಲ್ಲಿಯೇ ಹುಡುಕೋಣ, ಬನ್ನಿ.

ಚಕ್ರಗಳಿರುವ ಒಂದು ಆಟದ ಲಾರಿಯನ್ನು ತನ್ನಿ. ಇಲ್ಲದಿದ್ದರೆ ಬೆಂಕಿಪೊಟ್ಟಣ, ಕಡ್ಡಿ, ಬಾಟಲಿಯ ಮುಚ್ಚಳಗಳಿಂದ ನೀವೇ ಮಾಡಿಕೊಳ್ಳಿ. ಚಕ್ರ ಸಲೀಸಾಗಿ ತಿರುಗದಿದ್ದರೆ ಬೇಸರಪಡಬೇಡಿ. ಬಿಚ್ಚಿ, ಎಲ್ಲಿ ತಪ್ಪಾಗಿದೆ ಎಂದು ನೋಡಿ, ಮತ್ತೆ ಜೋಡಿಸಿ. ಲಾರಿಯೊಳಗೆ ಕೆಲವು ಸಣ್ಣ ಕಲ್ಲುಗಳನ್ನು ತುಂಬಿ. ಮುಂಭಾಗಕ್ಕೆ ಒಂದು ರಬ್ಬರ್ ಬ್ಯಾಂಡ್ ಕಟ್ಟಿ.

ಈಗ ಐದಾರು ಪುಸ್ತಕಗಳನ್ನು ಒಂದರ ಮೇಲೊಂದು ಇಡಿ. ಇದೇ ನಿಮ್ಮ ಬೆಟ್ಟ. ಸುಮಾರು ಒಂದು ಅಡಿ ಉದ್ದದ ಹಲಗೆಯನ್ನು ಅದಕ್ಕೆ ಒರಗಿಸಿ. ರಬ್ಬರ್ ಬ್ಯಾಂಡ್ ಹಿಡಿದು ಲಾರಿಯನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಬ್ಯಾಂಡ್ ಎಷ್ಟು ಉದ್ದಕ್ಕೆ ಹಿಗ್ಗಿತು? ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಅನಂತರ ಮೂರು ಅಡಿ ಉದ್ದದ ಹಲಗೆಯನ್ನು ಇಟ್ಟು ಹಾಗೆಯೇ ಎಳೆಯಿರಿ. ಪುಸ್ತಕಗಳ ಎತ್ತರ ಬದಲಾಗಬಾರದು. ಕಲ್ಲುಗಳೂ ಅಷ್ಟೇ ಇರಬೇಕು. ಈ ಬಾರಿ ಬ್ಯಾಂಡ್ ಕಡಿಮೆ ಹಿಗ್ಗುತ್ತದೆ. ಎಂದರೆ, ಇಳಿಜಾರು ಕಡಿಮೆಯಾದಾಗ ಕಡಿಮೆ ಬಲ ಸಾಕು. ಆದರೆ ಲಾರಿ ಹೆಚ್ಚು ದೂರ ಸಾಗಬೇಕು.

ಬೆಟ್ಟದ ಮೇಲೆ ಅಷ್ಟು ಉದ್ದದ ದಾರಿಗೆ ಸ್ಥಳವೆಲ್ಲಿ? ಶಾಲೆಯ ಅಂಗಳದಲ್ಲಿ ಮರಳಿನ ಗುಡ್ಡೆ ಮಾಡಿ. ಬುಡದಿಂದ ತುದಿಗೆ ಒಂದು ದಾರವನ್ನು ನೇರವಾಗಿ ಇಡಿ. ಇನ್ನೊಂದನ್ನು ಅದೇ ಬದಿಯಲ್ಲಿ ಅತ್ತಿತ್ತ ಮಡಿಸುತ್ತಾ ಇಡಿ. ಎರಡನ್ನೂ ಅಳೆದು ನೋಡಿ. ಉದ್ದವಾದ ದಾರಿಯನ್ನು ಮಡಿಸಿ ಚಿಕ್ಕ ಸ್ಥಳದಲ್ಲಿ ಕೂರಿಸುವುದೇ ತಿರುವುಗಳ ಗುಟ್ಟು. ಎಲೆಕೋಸು, ಆಲೂಗಡ್ಡೆ ತುಂಬಿದ ಲಾರಿ ಬೆಟ್ಟದಿಂದ ಹತೋಟಿಯಲ್ಲಿ ಇಳಿಯುವುದೂ, ಭಾರ ಹೊತ್ತ ಬಸ್ಸು ಮೇಲೇರುವುದೂ ಇದರಿಂದಲೇ.

ಆದರೆ ತಿರುವಿನಲ್ಲಿ ಒಂದು ತೊಡಕೂ ಇದೆ. ನೆಲದ ಮೇಲೆ ಸೀಮೆಸುಣ್ಣದಿಂದ 10 ಸೆಂಟಿಮೀಟರ್ ಅಗಲದ ಒಂದು ಹೇರ್‌ಪಿನ್ ತಿರುವನ್ನು ಬರೆಯಿರಿ. 5 ಸೆಂಟಿಮೀಟರ್ ಅಗಲದ ಎರಡು ರಟ್ಟಿನ ತುಂಡುಗಳನ್ನು ಕತ್ತರಿಸಿ. ಒಂದರ ಉದ್ದ 10 ಸೆಂಟಿಮೀಟರ್, ಇನ್ನೊಂದರದು 30 ಸೆಂಟಿಮೀಟರ್ ಇರಲಿ. ಗೆರೆ ದಾಟದಂತೆ ಅವನ್ನು ಸರಿಸಿ ತಿರುಗಿಸಿ. ಚಿಕ್ಕದು ತಿರುಗುತ್ತದೆ. ಉದ್ದದ್ದು ಸಿಕ್ಕಿಕೊಳ್ಳುತ್ತದೆ. ಘಾಟಿಯಲ್ಲಿ ಉದ್ದನೆಯ ಲಾರಿ ಹೀಗೆ ಸಿಕ್ಕಿಕೊಂಡರೆ ಹಿಂದಿನ ವಾಹನಗಳೆಲ್ಲ ನಿಂತುಬಿಡುತ್ತವೆ. ಆಸ್ಪತ್ರೆಗೆ ಹೋಗಬೇಕಾದವರೂ ಕಾಯಬೇಕಾಗುತ್ತದೆ.

ಹಾಗಾದರೆ ತಿರುವನ್ನು ಅಗಲ ಮಾಡೋಣವೇ? ಸ್ವಲ್ಪ ಯೋಚಿಸಿ. ಅಗಲ ಮಾಡಲು ಬೆಟ್ಟವನ್ನು ಅಗೆಯಬೇಕು, ಮರಗಳನ್ನು ಕಡಿಯಬೇಕು. ಈ ದಾರಿ ಸತ್ಯಮಂಗಲದ ಕಾಡಿನ ನಡುವೆ ಹೋಗುತ್ತದೆ. 2013ರಲ್ಲಿ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಇಲ್ಲಿ ಆನೆ, ಹುಲಿ, ಚಿರತೆ, ಜಿಂಕೆಗಳು ಬಾಳುತ್ತವೆ. ಅವೂ ಈ ರಸ್ತೆಯನ್ನು ದಾಟುತ್ತವೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯಬಾರದೆಂದು 2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಹಾಕಲಾಯಿತು. ರೈತರಿಗೆ ಸಂತೆಗೆ ಹೋಗಲು ದಾರಿ ಬೇಕು. ಆನೆಗೂ ದಾರಿ ಬೇಕು. ಇಬ್ಬರಿಗೂ ಒಳಿತಾಗುವಂತೆ ಏನು ಮಾಡಬಹುದು? ತಿರುವನ್ನು ತಿದ್ದಬೇಕೇ? ಲಾರಿಯ ಉದ್ದಕ್ಕೆ ಮಿತಿ ಹಾಕಬೇಕೇ? ಬೇರೆ ಉಪಾಯವಿದೆಯೇ? ಗುಂಪಾಗಿ ಕುಳಿತು ಚರ್ಚಿಸಿ. ನಿಮ್ಮ ಉಪಾಯವನ್ನು ರಟ್ಟಿನಲ್ಲೋ ಮಣ್ಣಿನಲ್ಲೋ ಮಾಡಿ ತೋರಿಸಿ.

ನೀವು ಈಗ ಮಾಡಿದ ಕೆಲಸಕ್ಕೆ ಒಂದು ಹೆಸರಿದೆ. ಅದೇ ಇಂಜಿನಿಯರಿಂಗ್. ಜನರ ಅಗತ್ಯವನ್ನು ಅರಿಯುವುದು, ಅಳೆಯುವುದು, ಮಾಡಿ ನೋಡುವುದು, ತಪ್ಪಿದರೆ ತಿದ್ದುವುದು ಇಂಜಿನಿಯರನ ಕೆಲಸ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಅಂಥ ಒಬ್ಬ ಇಂಜಿನಿಯರು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲು ತಾನಾಗಿಯೇ ತೆರೆದು, ನೀರು ಇಳಿದಾಗ ತಾನಾಗಿಯೇ ಮುಚ್ಚುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವನ್ನು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ನಮ್ಮ ದೇಶದಲ್ಲಿ ಇಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ.

ಮಕ್ಕಳೇ, ಇನ್ನೊಮ್ಮೆ ಘಾಟಿಯಲ್ಲಿ ಹೋಗುವಾಗ ತಿರುವುಗಳನ್ನು ಎಣಿಸಿದರೆ ಸಾಲದು. ಯಾವ ತಿರುವಿನಲ್ಲಿ ಬಸ್ಸು ತಡೆಯುತ್ತದೆ, ಏಕೆ ತಡೆಯುತ್ತದೆ ಎಂದು ನೋಡಿ. ಮನೆಗೆ ಬಂದು ಅದರ ಚಿತ್ರ ಬರೆಯಿರಿ. ನಾಳೆ ಆ ತಿರುವನ್ನು ಸರಿಪಡಿಸುವವರು ನೀವೇ ಆಗಬಹುದು.