ಗರ್ಭಚೀಲದ ಆಪರೇಷನ್: ತಪ್ಪು ಮಾಡಿದ ಆಸ್ಪತ್ರೆಯನ್ನು ಯೋಜನೆಯಿಂದ ಹೊರಗಿಡುವುದು ಹೇಗೆ?



ಆಕಳಿಗೋ ಎಮ್ಮೆಗೋ ವಿಮೆ ಮಾಡಿಸಿದರೆ ಅದರ ಕಿವಿಗೆ ಓಲೆ ಹಾಕುತ್ತಾರೆ. ಆ ಓಲೆಯ ನಂಬರ್ ಬರೆದ ವಿಮೆ ಕಾಗದವನ್ನು ನಾವು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಡುತ್ತೇವೆ. ರಾಸು ಸತ್ತರೆ ಓಲೆ ಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ಪರಿಹಾರ ಸಿಗದು ಎಂಬುದು ನಮಗೆಲ್ಲ ಗೊತ್ತು. ಆದರೆ ನಮ್ಮದೇ ಹೊಟ್ಟೆಯ ಆಪರೇಷನ್ ಆದಾಗ ಆಸ್ಪತ್ರೆಯವರು ಕೊಟ್ಟ ಕಾಗದ ಎಲ್ಲಿದೆ ಎಂದು ಕೇಳಿದರೆ ಎಷ್ಟು ಜನ ತೋರಿಸಬಲ್ಲೆವು?

ಈ ಪ್ರಶ್ನೆ ಕೇಳಲು ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ.

ರಾಣೆಬೆನ್ನೂರಿನಲ್ಲಿ ಆದದ್ದು

2010ರಿಂದ 2017ರವರೆಗಿನ ಅವಧಿಯಲ್ಲಿ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಹಳಷ್ಟು ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆ ಗರ್ಭಚೀಲ ತೆಗೆಯಲಾಗಿದೆ ಎಂಬ ಆರೋಪ ಬಂತು. ಪತ್ರಿಕೆಗಳು ವರದಿ ಮಾಡಿದ ಸಂಖ್ಯೆ 1,522. ಅವರಲ್ಲಿ ಹೆಚ್ಚಿನವರು ಸುತ್ತಲಿನ ತಾಂಡಾಗಳ ಲಂಬಾಣಿ ಮಹಿಳೆಯರು, ಕೂಲಿ ಮಾಡಿ ಬದುಕುವವರು. ಹೊಟ್ಟೆನೋವು, ಬಿಳಿಸೆರಗು, ಮುಟ್ಟಿನ ತೊಂದರೆ ಎಂದು ಹೋದವರಿಗೆ ಆಪರೇಷನ್ ಆಯಿತು ಎಂಬುದು ಅವರ ದೂರು. 2022ರ ಫೆಬ್ರುವರಿಯಲ್ಲಿ ಈ ಮಹಿಳೆಯರು ನ್ಯಾಯ ಮತ್ತು ಪರಿಹಾರ ಕೇಳಿ ರಾಣೆಬೆನ್ನೂರಿನಿಂದ ಪಾದಯಾತ್ರೆ ಹೊರಟರು. ಆಗಿನ ಮುಖ್ಯಮಂತ್ರಿಗಳ ಕ್ಷೇತ್ರ ಶಿಗ್ಗಾಂವಿ ಅವರ ಗುರಿಯಾಗಿತ್ತು. ಆಪರೇಷನ್ ಆಗಿ ಎಷ್ಟೋ ವರ್ಷಗಳ ನಂತರ, ಸೊಂಟನೋವು ಇಟ್ಟುಕೊಂಡೇ ಅವರು ರಸ್ತೆಗಿಳಿಯಬೇಕಾಯಿತು.

ಇದು ರಾಣೆಬೆನ್ನೂರಿನದೊಂದೇ ಕತೆಯಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಮಹಿಳೆಯರ ಇಂಥದೇ ದೂರು ಹೊರಬಂತು. ಅಲ್ಲಿ ಆಪರೇಷನ್ ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ವಿಷಯ 2019ರಲ್ಲಿ ದೇಶದ ಗಮನಕ್ಕೆ ಬಂತು. ಮೂರೂ ಕಡೆ ಸಿಕ್ಕಿಬಿದ್ದವರು ಒಂದೇ ಬಗೆಯವರು: ಒಂದು ದಿನ ಕೆಲಸ ಬಿಟ್ಟರೆ ಅಂದಿನ ಕೂಲಿ ಹೋಗುವವರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವವರಿಗೂ, ಬೆಳಿಗ್ಗೆ ಸಂಜೆ ತಪ್ಪದೆ ಹಾಲು ಹಿಂಡುವ ನಮಗೂ ಅದೇ ಸ್ಥಿತಿ. ‘ಒಂದೇ ಸಲ ತೆಗೆಸಿಬಿಟ್ಟರೆ ಮುಗಿಯಿತು’ ಎಂಬ ಮಾತು ಇಂಥವರಿಗೆ ಬೇಗ ನಾಟುತ್ತದೆ.

ಆಪರೇಷನ್ನೇ ತಪ್ಪು ಎಂದಲ್ಲ

ಇದನ್ನು ಸ್ಪಷ್ಟವಾಗಿ ಹೇಳಬೇಕು. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆಗಳಿಂದ ರಕ್ತಸ್ರಾವ ನಿಲ್ಲದಿದ್ದಾಗ, ಗರ್ಭಚೀಲ ಪೂರ್ತಿ ಜಾರಿ ಹೊರಬಂದಾಗ ಈ ಆಪರೇಷನ್ ಬೇಕಾಗಬಹುದು. ಹೆರಿಗೆಯ ಹೊತ್ತಿನಲ್ಲಿ ರಕ್ತ ನಿಲ್ಲದಿದ್ದರೆ ಅದೇ ಜೀವ ಉಳಿಸುತ್ತದೆ. ಅಂಥ ಹೊತ್ತಿನಲ್ಲಿ ತಡಮಾಡಬಾರದು.

ಆದರೆ ಬರೀ ಬಿಳಿಸೆರಗಿಗೆ, ಬರೀ ಸೊಂಟನೋವಿಗೆ ಗರ್ಭಚೀಲ ತೆಗೆಯುವ ಅಗತ್ಯವಿಲ್ಲ. ಸೋಂಕಿಗೆ ಮಾತ್ರೆ ಇದೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವುದಕ್ಕೆ ಮೊದಲು ಔಷಧಿ ಕೊಟ್ಟು ನೋಡುತ್ತಾರೆ, ಗರ್ಭಚೀಲದೊಳಗೆ ಇಡುವ ಹಾರ್ಮೋನ್ ಸಾಧನವೂ ಇದೆ. ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿದರೆ, ಆ ಅನುಮಾನವನ್ನು ಪರೀಕ್ಷೆಯಿಂದ ತಿಳಿಯಬಹುದು: ಪ್ಯಾಪ್ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಚೂರು ತೆಗೆದು ಲ್ಯಾಬಿಗೆ ಕಳಿಸುವ ಬಯಾಪ್ಸಿ. ಚಿಕ್ಕ ವಯಸ್ಸಿನಲ್ಲಿ ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು ಕೂಡಲೇ ಶುರುವಾಗುತ್ತವೆ: ಮೈ ಬಿಸಿಯಾಗುವುದು, ನಿದ್ದೆ ಬಾರದಿರುವುದು. ವರ್ಷ ಕಳೆದಂತೆ ಮೂಳೆ ಸವೆಯುತ್ತದೆ. ಮೇವಿನ ಹೊರೆ ಹೊರುವ ನಮಗೆ ಇದು ಸಣ್ಣ ಮಾತಲ್ಲ.

ದುಡ್ಡಿನ ಲೆಕ್ಕ

ಇಷ್ಟು ಗೊತ್ತಿದ್ದೂ ಬೇಡದ ಆಪರೇಷನ್ ಯಾಕೆ ನಡೆಯುತ್ತದೆ? ಒಂದು ಕಾರಣ ದುಡ್ಡು. ಸರ್ಕಾರಿ ವಿಮೆ ಯೋಜನೆಗಳಲ್ಲಿ ಒಂದೊಂದು ಆಪರೇಷನ್‌ಗೆ ಇಷ್ಟು ಎಂದು ದರ ನಿಗದಿಯಾಗಿರುತ್ತದೆ. ಮಾತ್ರೆ ಬರೆದು ಕಳಿಸಿದರೆ ಆಸ್ಪತ್ರೆಗೆ ಹೆಚ್ಚೇನೂ ಸಿಗುವುದಿಲ್ಲ, ಆಪರೇಷನ್ ಮಾಡಿದರೆ ಯೋಜನೆಯ ಹಣ ಬರುತ್ತದೆ. ಬಿಹಾರ ಮತ್ತು ಛತ್ತೀಸಗಡದಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕಾರ್ಡು ಇದ್ದ ಬಡ ಮಹಿಳೆಯರಿಗೆ ಹೀಗೆ ಮಾಡಲಾಯಿತು ಎಂದು ರಾಜಸ್ಥಾನದ ವೈದ್ಯ ಡಾ. ನರೇಂದ್ರ ಗುಪ್ತ ಅವರು ಸುಪ್ರೀಂ ಕೋರ್ಟಿಗೆ 2013ರಲ್ಲಿ ಹೋದರು.

ನಮಗೂ ಯೋಜನೆಗಳಿವೆ. ಸಹಕಾರ ಸಂಘದ ಸದಸ್ಯರಿಗೆಂದೇ 2003ರಲ್ಲಿ ಶುರುವಾದ ಯಶಸ್ವಿನಿ ನಡುವೆ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಆಗ ಹಳ್ಳಿಯ ಸದಸ್ಯರ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ನಿಗದಿಯಾಯಿತು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಈ ಯೋಜನೆಗಳಿಂದ ನಮ್ಮ ಎಷ್ಟೋ ಮನೆಗಳು ಸಾಲದಿಂದ ಉಳಿದಿವೆ. ಯೋಜನೆ ಒಳ್ಳೆಯದು. ಅದರ ಪಟ್ಟಿಯಲ್ಲಿ ಎಂಥ ಆಸ್ಪತ್ರೆ ಇರಬೇಕು ಎಂಬುದೇ ಪ್ರಶ್ನೆ.

ಸುಪ್ರೀಂ ಕೋರ್ಟ್ ಹೇಳಿದ್ದು

ಡಾ. ಗುಪ್ತ ಅವರ ಅರ್ಜಿಯ ಮೇಲೆ 2023ರ ಏಪ್ರಿಲ್ 5ರಂದು ತೀರ್ಪು ಬಂತು. ಬೇಡದ ಗರ್ಭಚೀಲದ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ 3 ತಿಂಗಳೊಳಗೆ ಒಪ್ಪಿಕೊಳ್ಳಬೇಕು ಎಂದು ಕೋರ್ಟ್ ಹೇಳಿತು. ಆ ಮಾರ್ಗಸೂಚಿಯಲ್ಲಿ ಜಿಲ್ಲೆ, ರಾಜ್ಯ, ದೇಶ ಮೂರೂ ಮಟ್ಟದಲ್ಲಿ ಇಂಥ ಆಪರೇಷನ್‌ಗಳ ಮೇಲೆ ಕಣ್ಣಿಡುವ ಸಮಿತಿ ಇರಬೇಕೆಂದಿದೆ. ಇನ್ನೊಂದು ಮಾತು ನಮಗೆ ಮುಖ್ಯ: ಯಾವುದೇ ಆಸ್ಪತ್ರೆ ಅಗತ್ಯವಿಲ್ಲದೆ, ಅಥವಾ ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಗರ್ಭಚೀಲ ತೆಗೆದದ್ದು ಗೊತ್ತಾದರೆ, ಅದನ್ನು ಕಪ್ಪುಪಟ್ಟಿಗೆ ಸೇರಿಸಲು ರಾಜ್ಯಗಳು ಕಠಿಣ ಕ್ರಮ ತೆಗೆದುಕೊಳ್ಳಬೇಕು.

ಒಪ್ಪಿಗೆ ಎಂದರೇನು ಎಂಬುದನ್ನು ಅದೇ ಕೋರ್ಟ್ 2008ರಲ್ಲೇ ಹೇಳಿತ್ತು. ದೆಹಲಿಯ ಮಹಿಳೆಯೊಬ್ಬರು ಪರೀಕ್ಷೆಗೆಂದು ಒಪ್ಪಿ ಮಲಗಿದ್ದರು. ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯನ್ನು ಕೇಳಿ ಗರ್ಭಚೀಲ, ಅಂಡಾಶಯ ತೆಗೆದರು. ಪ್ರಾಯಕ್ಕೆ ಬಂದ ಹೆಂಗಸಿನ ಬದಲು ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಸಲ್ಲದು ಎಂದು ಕೋರ್ಟ್ ತೀರ್ಮಾನಿಸಿತು. ನಮ್ಮಲ್ಲಿ ಗಂಡನೋ ಅತ್ತೆಯೋ ಸಹಿ ಹಾಕುವುದೇ ರೂಢಿ. ಪ್ರಜ್ಞೆ ಇರುವಾಗ ಸಹಿ ನಮ್ಮದೇ ಇರಬೇಕು, ಹೆಬ್ಬೆಟ್ಟಾದರೂ ಓದಿಸಿ ಕೇಳಿಯೇ ಒತ್ತಬೇಕು.

ಮೂರು ಬಾಗಿಲು

ತಪ್ಪು ಮಾಡಿದವರನ್ನು ಹೊರಗಿಡಲು ಮೂರು ಬಾಗಿಲುಗಳಿವೆ. ಮೂರರ ಕೀಲಿಯೂ ಬೇರೆ ಬೇರೆಯವರ ಕೈಯಲ್ಲಿದೆ.

ಮೊದಲನೆಯದು ಯೋಜನೆಯ ಪಟ್ಟಿ. ಯಶಸ್ವಿನಿಗೆ ಯಶಸ್ವಿನಿ ಟ್ರಸ್ಟ್, ಆಯುಷ್ಮಾನ್‌ಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಪಟ್ಟಿಗೆ ಸೇರುವಾಗ ಆಸ್ಪತ್ರೆ ಒಪ್ಪಂದಕ್ಕೆ ಸಹಿ ಹಾಕಿರುತ್ತದೆ. ದೂರು ಬಂದರೆ ಕಾರಣ ಕೇಳಿ ನೋಟಿಸ್, ನಂತರ ತಾತ್ಕಾಲಿಕ ತಡೆ, ಸಾಬೀತಾದರೆ ಪಟ್ಟಿಯಿಂದ ತೆಗೆಯುವುದು ಎಂಬುದು ಸಾಮಾನ್ಯ ಕ್ರಮ. ಪಟ್ಟಿಯಿಂದ ತೆಗೆದರೆ ಯೋಜನೆಯ ಹಣ ನಿಲ್ಲುತ್ತದೆ, ಆಸ್ಪತ್ರೆ ಮುಚ್ಚುವುದಿಲ್ಲ.

ಎರಡನೆಯದು ಆಸ್ಪತ್ರೆಯ ನೋಂದಣಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಪ್ರತಿ ಖಾಸಗಿ ಆಸ್ಪತ್ರೆಯೂ ನೋಂದಣಿ ಮಾಡಿಸಿರಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೇಳುವ ಅಧಿಕಾರವೂ ಇದೆ. ಈ ಕಾಯ್ದೆ ಸರ್ಕಾರಿ ಆಸ್ಪತ್ರೆಗೆ ಅನ್ವಯಿಸುವುದಿಲ್ಲ. ಅಲ್ಲಿ ಕ್ರಮ ತೆಗೆದುಕೊಳ್ಳಬೇಕಾದದ್ದು ಆರೋಗ್ಯ ಇಲಾಖೆ.

ಮೂರನೆಯದು ವೈದ್ಯರ ಸ್ವಂತ ನೋಂದಣಿ. ಇದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕೈಯಲ್ಲಿದೆ. ವೈದ್ಯರು ಸರ್ಕಾರಿ ಇರಲಿ, ಖಾಸಗಿ ಇರಲಿ, ಪರಿಷತ್ತು ಅವರ ಹೆಸರನ್ನು ಸ್ವಲ್ಪ ಕಾಲಕ್ಕೆ ಅಥವಾ ಶಾಶ್ವತವಾಗಿ ತೆಗೆಯಬಹುದು.

ಒಂದು ಬಾಗಿಲು ಮುಚ್ಚಿದರೆ ಉಳಿದೆರಡು ತಾವಾಗಿ ಮುಚ್ಚುವುದಿಲ್ಲ. ಯೋಜನೆಯಿಂದ ತೆಗೆದ ಆಸ್ಪತ್ರೆ ನಗದು ಪಡೆದು ಅದೇ ಆಪರೇಷನ್ ಮಾಡಬಹುದು. ನೋಂದಣಿ ಕಳೆದುಕೊಂಡ ಆಸ್ಪತ್ರೆಯ ವೈದ್ಯರು ಪಕ್ಕದ ತಾಲ್ಲೂಕಿನಲ್ಲಿ ಹೊಸ ಬೋರ್ಡು ಹಾಕಬಹುದು. ಸರ್ಕಾರಿ ವೈದ್ಯರನ್ನು ಬರೀ ವರ್ಗ ಮಾಡಿದರೆ ತೊಂದರೆಯೂ ಅವರ ಜೊತೆ ಮುಂದಿನ ಊರಿಗೆ ಹೋಗುತ್ತದೆ. ಕಲಬುರಗಿಯಲ್ಲಿ ನಾಲ್ಕು ಆಸ್ಪತ್ರೆಗಳ ಪರವಾನಗಿ ರದ್ದಾಗಬೇಕೆಂಬ ಮಾತು ಬಂದ ಮೇಲೂ ಅವು ನಡೆಯುತ್ತಿವೆ ಎಂದು 2017ರಲ್ಲಿ ಮಹಿಳೆಯರು ಮತ್ತೆ ಬೀದಿಗಿಳಿಯಬೇಕಾಯಿತು.

ಈ ಸಂದನ್ನು ಮುಚ್ಚಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ದಾರಿ ಮಾಡಿದೆ. ಕೆಲಸದಲ್ಲಿ ಗಾಯವಾದ ಕಾರ್ಮಿಕರಿಗೆ ಚಿಕಿತ್ಸೆ ಕೊಡಿಸುವ ಯೋಜನೆ ಅಲ್ಲಿದೆ. 2017ರಿಂದ ಜಾರಿಯಾದ ಕಾನೂನಿನಂತೆ, ವಂಚನೆಯಲ್ಲಿ ಶಿಕ್ಷೆಯಾದ, ವೈದ್ಯ ನೋಂದಣಿ ಕಳೆದುಕೊಂಡ, ಇಲ್ಲವೇ ಸರ್ಕಾರದ ಬೇರೆ ಆರೋಗ್ಯ ಯೋಜನೆಯಿಂದ ಹೊರಹಾಕಿಸಿಕೊಂಡ ವೈದ್ಯರನ್ನು ಈ ಯೋಜನೆಯಿಂದಲೂ ಹೊರಗಿಡಲೇಬೇಕು. ಅವರ ಹೆಸರುಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಆದರೆ ಹೊರಗಿಡುವ ಮುಂಚೆ ವೈದ್ಯರಿಗೆ ತಮ್ಮ ಮಾತು ಹೇಳಲು ಅವಕಾಶವೂ ಇದೆ. ಅದು ನ್ಯಾಯವೇ. ಕಲಬೆರಕೆ ಹಾಲು ಎಂಬ ದೂರು ಬಂದಾಗ ನಮ್ಮ ಸಂಘದಲ್ಲೂ ಬರೀ ಬಾಯಿಮಾತಿನ ಮೇಲೆ ಯಾರ ಹಾಲನ್ನೂ ನಿಲ್ಲಿಸುವುದಿಲ್ಲ, ಸ್ಯಾಂಪಲ್ ಪರೀಕ್ಷೆ ಮಾಡುತ್ತಾರೆ.

ಆಸ್ಪತ್ರೆಯ ವಿಷಯದಲ್ಲಿ ಆ ಸ್ಯಾಂಪಲ್ ಎಂದರೆ ನಮ್ಮ ಕಾಗದ. ಏನು ಕಾಯಿಲೆ ಎಂದು ಬರೆದಿದ್ದರು, ಯಾವ ಪರೀಕ್ಷೆ ಮಾಡಿದ್ದರು, ಯಾರು ಸಹಿ ಹಾಕಿದ್ದರು ಎಂಬುದು ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಕಾಗದವಿಲ್ಲದೆ ಮೂರರಲ್ಲಿ ಯಾವ ಬಾಗಿಲು ಮುಚ್ಚಿಸುವುದೂ ಕಷ್ಟ.

ನಾವು ಮಾಡಬೇಕಾದದ್ದು

ಆಪರೇಷನ್‌ಗೆ ಮುಂಚೆ: ಜೀವಕ್ಕೆ ಅಪಾಯದ ತುರ್ತು ಇಲ್ಲದಿದ್ದರೆ ಅದೇ ದಿನ ಒಪ್ಪಬೇಡಿ. ಮೂರು ಮಾತು ಕೇಳಿ: ನನಗೆ ಇರುವ ಕಾಯಿಲೆಯ ಹೆಸರೇನು? ಔಷಧಿಯಲ್ಲಿ ಯಾಕೆ ಆಗುವುದಿಲ್ಲ? ಅಂಡಾಶಯವನ್ನೂ ತೆಗೆಯುತ್ತೀರಾ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಇನ್ನೊಬ್ಬರನ್ನು ಕೇಳುವುದು ಮೊದಲ ವೈದ್ಯರಿಗೆ ಅವಮಾನವಲ್ಲ.

ಆಪರೇಷನ್ ಆದ ಮೇಲೆ: ಡಿಸ್ಚಾರ್ಜ್ ಕಾಗದ, ಸ್ಕ್ಯಾನಿಂಗ್ ವರದಿ, ಲ್ಯಾಬಿನ ವರದಿ, ಬಿಲ್ಲು ಎಲ್ಲವನ್ನೂ ತನ್ನಿ. ಯೋಜನೆಯ ಚಿಕಿತ್ಸೆಯಲ್ಲಿ ಕೈಯಿಂದ ಹಣ ಕಟ್ಟಿಸಿಕೊಂಡರೆ ರಸೀದಿ ಕೇಳಿ. ಕೊಟ್ಟಿರದಿದ್ದರೆ ಲಿಖಿತವಾಗಿ ಕೇಳಿ. ವೈದ್ಯರ ನಡವಳಿಕೆಯ 2002ರ ನಿಯಮಗಳಂತೆ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದ್ದರಿಂದ ವರ್ಷಗಟ್ಟಲೆ ಕಾಯಬೇಡಿ.

ತಪ್ಪಾಗಿದೆ ಎನಿಸಿದರೆ: ಒಂದೇ ದೂರನ್ನು ಮೂರು ಕಡೆಗೂ ಕಳಿಸಿ: ಯೋಜನೆಯ ಟ್ರಸ್ಟಿಗೆ, ಜಿಲ್ಲಾಧಿಕಾರಿ ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗೆ, ವೈದ್ಯಕೀಯ ಪರಿಷತ್ತಿಗೆ. ಮೂಲ ಕಾಗದ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ, ತಲುಪಿದ್ದಕ್ಕೆ ಸಹಿ ಪಡೆಯಿರಿ. ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು. ವಿಮೆ ಹಣ ಕಟ್ಟಿದ ಚಿಕಿತ್ಸೆಯೂ ಗ್ರಾಹಕ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಎಲ್ಲರಿಗೂ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆಗೆ ಈ ದಾರಿ ಇಲ್ಲ. ಅಂಥವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.

ಸಂಘದಲ್ಲಿ: ಒಬ್ಬಳ ದೂರನ್ನು ತಳ್ಳಿಹಾಕುವುದು ಸುಲಭ. ಒಂದೇ ಆಸ್ಪತ್ರೆಯ ಬಗ್ಗೆ ಹತ್ತು ಜನ ಕಾಗದ ಹಿಡಿದು ಬಂದರೆ ಹಾಗೆ ಆಗದು. ಯಶಸ್ವಿನಿ ನೋಂದಣಿ ನಡೆಯುವಾಗ ಆ ವರ್ಷದ ಆಸ್ಪತ್ರೆಗಳ ಪಟ್ಟಿಯನ್ನು ಸಂಘದ ಗೋಡೆಗೆ ಅಂಟಿಸಲು ಕಾರ್ಯದರ್ಶಿಗೆ ಹೇಳಿ. ಪಟ್ಟಿಯಿಂದ ಯಾವುದನ್ನಾದರೂ ತೆಗೆದಿದ್ದರೆ ಯಾಕೆ ಎಂದು ಕೇಳಿ. ಮಹಿಳಾ ಸಂಘಗಳಲ್ಲಿ ತಿಂಗಳ ಸಭೆಯ ಕೊನೆಯ ಹತ್ತು ನಿಮಿಷ ಇದಕ್ಕೆ ಮೀಸಲಿಟ್ಟರೆ, ಗಂಡಸರ ಮುಂದೆ ಹೇಳಲಾಗದ ಮಾತೂ ಅಲ್ಲಿ ಹೊರಬರುತ್ತದೆ.

ಮುಂದಿನ ಬಟವಾಡೆಯ ದಿನ ಒಂದು ಪ್ಲಾಸ್ಟಿಕ್ ಫೈಲು ಕೊಳ್ಳಿ. ರಾಸಿನ ವಿಮೆ ಕಾಗದ ಇಟ್ಟ ಜಾಗದಲ್ಲೇ ನಿಮ್ಮ ಆಸ್ಪತ್ರೆಯ ಕಾಗದವನ್ನೂ ಇಡಿ.

ಬರೆದಿಟ್ಟುಕೊಳ್ಳಿ
ಆರೋಗ್ಯ ಸಹಾಯವಾಣಿ: 104
ಆಯುಷ್ಮಾನ್ ಯೋಜನೆಯ ಮಾಹಿತಿ, ದೂರು: 14555
ಉಚಿತ ಕಾನೂನು ನೆರವು: 15100