ಬಿಚ್ಚಿ ಜೋಡಿಸುವ ಆಂಪ್ಲಿಫೈಯರಿಗೆ ನಾಳೆ ಉಂಟೆ?

ನಂಜನಗೂಡಿನಿಂದ ಗುಂಡ್ಲುಪೇಟೆಯತ್ತ ಹೊರಟ ಬಸ್ಸು ನಡುವೆ ಬೇಗೂರಿನಲ್ಲಿ ನಿಲ್ಲುತ್ತದೆ. ಬಂಡೀಪುರ, ಊಟಿಗೆಂದು ಹೊರಟ ಪ್ರವಾಸಿಗರಿಗೆ ಇದು ಹೆದ್ದಾರಿ ಬದಿಯ ಇನ್ನೊಂದು ಊರು. ಸುತ್ತಲ ಹಳ್ಳಿಗಳವರಿಗೆ ಮಾತ್ರ ಹೋಬಳಿ ಕೇಂದ್ರ. ಮದುವೆ, ಮಾರಿಹಬ್ಬ, ಗಣೇಶೋತ್ಸವ, ಚುನಾವಣಾ ಪ್ರಚಾರ ಯಾವುದೇ ಇರಲಿ, ಶಾಮಿಯಾನ, ಸೀರಿಯಲ್ ಸೆಟ್, ಮೈಕ್ ಸೆಟ್ ಬೇಕೆಂದು ಜನ ಹುಡುಕಿಕೊಂಡು ಬರುವುದು ಇಂಥ ಊರುಗಳ ಅಂಗಡಿಗಳಿಗೇ. 'ಸೆಟ್ಟು ಗುಂಯ್ ಅಂತದೆ ಕಣಣ್ಣಾ' ಎಂದು ಒಬ್ಬರು ಬಂದು ನಿಂತರೆ ಸಾಕು, ಕೆಲಸ ಬಲ್ಲವನು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯುತ್ತಾನೆ. ಒಳಗಿನ ದಪ್ಪ ಕಂಡೆನ್ಸರ್ ಒಂದನ್ನು ಕಿತ್ತು, ಬೇರೆಯದನ್ನು ಬೆಸೆದು, ಮುಚ್ಚಳ ಹಾಕುವ ಮೊದಲೇ ಒಮ್ಮೆ 'ಹಲೋ, ಮೈಕ್ ಟೆಸ್ಟಿಂಗ್' ಎಂದು ನೋಡುತ್ತಾನೆ. ಗುಂಯ್‌ಗುಡುವುದು ನಿಂತಿರುತ್ತದೆ.

ತೀರಾ ಸಾಮಾನ್ಯವೆನಿಸುವ ಈ ದುರಸ್ತಿ ಸಾಧ್ಯವಾಗುವುದು ಆ ಪೆಟ್ಟಿಗೆಯನ್ನು ಬಿಚ್ಚಲು ಬರುವುದರಿಂದ, ಮತ್ತು ಬಿಚ್ಚಿದಾಗ ಒಳಗಿನ ಅಂಗಗಳು ಬೇರೆ ಬೇರೆಯಾಗಿ ಸಿಗುವುದರಿಂದ. ಇಂಗ್ಲಿಷಿನಲ್ಲಿ ಇಂಥದ್ದಕ್ಕೆ 'ಮಾಡ್ಯುಲರ್' ಎನ್ನುತ್ತಾರೆ. ಅಮೆರಿಕದ ಗಿಟಾರ್ ವಾದಕರ ಒಂದು ಸಣ್ಣ ಬಳಗ ಇದೇ ತತ್ವದ ಆಂಪ್ಲಿಫೈಯರುಗಳಿಗಾಗಿ ಸಾವಿರಾರು ಡಾಲರ್ ಸುರಿದಿದೆ. ನಮ್ಮಲ್ಲಿ ಅದಕ್ಕೆ 'ಅಸೆಂಬಲ್ ಸೆಟ್' ಎಂಬ ಬಡ ಹೆಸರು. ಎರಡರ ಮುಂದೆಯೂ ಈಗ ಒಂದೇ ಪ್ರಶ್ನೆ ನಿಂತಿದೆ: ಬಿಡಿ ಭಾಗಗಳು ಎಷ್ಟು ದಿನ ಸಿಗುತ್ತವೆ, ಜೋಡಿಸುವ ಕೈಗಳು ಎಷ್ಟು ದಿನ ಉಳಿಯುತ್ತವೆ?

ಪೆಟ್ಟಿಗೆಯೊಳಗೆ ಏನಿದೆ?

ಅಸೆಂಬಲ್ ಸೆಟ್ಟಿನ ಮುಚ್ಚಳ ತೆಗೆದರೆ ಮೊದಲು ಕಾಣುವುದು ಭಾರವಾದ ಟ್ರಾನ್ಸ್‌ಫಾರ್ಮರ್. ಮನೆಗೆ ಬರುವ 230 ವೋಲ್ಟ್ ವಿದ್ಯುತ್ತನ್ನು ಅದು 12 ಅಥವಾ 24 ವೋಲ್ಟಿಗೆ ಇಳಿಸುತ್ತದೆ. ಅದರ ಪಕ್ಕದಲ್ಲಿ ಡಯೋಡುಗಳು, ಅವುಗಳಿಗೆ ಅಂಟಿಕೊಂಡಂತೆ ಆ ದಪ್ಪ ಕಂಡೆನ್ಸರು. ಸೆಕೆಂಡಿಗೆ 50 ಬಾರಿ ಹಿಂದುಮುಂದಾಗುವ ವಿದ್ಯುತ್ತನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ಕಂಡೆನ್ಸರು ಅದರ ಏರಿಳಿತವನ್ನು ಮಟ್ಟ ಮಾಡುತ್ತದೆ. ವರ್ಷಗಳು ಕಳೆದು ಕಂಡೆನ್ಸರ್ ಒಣಗಿದರೆ ಆ ಏರಿಳಿತ ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಸ್ಪೀಕರಿಗೆ ಹರಿಯುತ್ತದೆ. ಬೇಗೂರಿನ ಗಿರಾಕಿ 'ಗುಂಯ್' ಎಂದು ದೂರುವುದು ಬಹುತೇಕ ಇದನ್ನೇ.

ಆಮೇಲೆ ಮೂರು ಬೋರ್ಡುಗಳು. ಮೈಕಿನಿಂದ ಬರುವ ಅತಿ ಸಣ್ಣ ಸಂಕೇತವನ್ನು ಮೊದಲ ಹಂತದಲ್ಲಿ ಹಿಗ್ಗಿಸುವುದು ಪ್ರಿ-ಆಂಪ್ಲಿಫೈಯರ್. ನಡುವಿನದು ಬಾಸ್, ಟ್ರೆಬಲ್ ತಿರುಗಿಸುವ ಟೋನ್ ಬೋರ್ಡು. ಕೊನೆಯದು ಸ್ಪೀಕರನ್ನು ದುಡಿಸುವ ಔಟ್‌ಪುಟ್ ಬೋರ್ಡು, ಅದರ ಬೆನ್ನಿಗೆ ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿ. ಈಚಿನ ವರ್ಷಗಳಲ್ಲಿ ಇವಕ್ಕೆ ಯುಎಸ್‌ಬಿ, ಬ್ಲೂಟೂತ್ ಇರುವ ಪುಟ್ಟ ಫಲಕವೂ ಸೇರಿಕೊಂಡಿದೆ. ಒಂದೊಂದನ್ನೂ ಬೇರೆ ಬೇರೆ ಕೊಳ್ಳಬಹುದು, ಒಂದು ಸುಟ್ಟರೆ ಅದನ್ನಷ್ಟೇ ಬದಲಿಸಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವುದು ಬರೀ ಮೂರು ತಂತಿಗಳು: ವಿದ್ಯುತ್, ಸಂಕೇತ, ಭೂಮಿ.

ಇದರಲ್ಲಿ ಯಾವುದೂ ಯಾರೊಬ್ಬರ ಸ್ವತ್ತಲ್ಲ ಎಂಬುದೇ ಸ್ವಾರಸ್ಯ. ಬಾಸ್-ಟ್ರೆಬಲ್ ಮಂಡಲವನ್ನೇ ನೋಡಿ. ಪೀಟರ್ ಬ್ಯಾಕ್ಸಂಡಾಲ್ ಎಂಬ ಬ್ರಿಟಿಷ್ ಎಂಜಿನಿಯರ್ 1952ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ. ಅಲ್ಲಿಂದ ಮುಂದೆ ಜಗತ್ತಿನ ಎಲ್ಲೆಡೆ ತಯಾರಾದ ಆಂಪ್ಲಿಫೈಯರುಗಳಲ್ಲಿ ಅದೇ ಮಂಡಲ ಸಣ್ಣಪುಟ್ಟ ಬದಲಾವಣೆಯೊಡನೆ ಕೂತಿದೆ. ಔಟ್‌ಪುಟ್ಟಿಗೆ ಹಾಕುವ '3055' ಟ್ರಾನ್ಸಿಸ್ಟರ್ ಅಮೆರಿಕದ ಆರ್‌ಸಿಎ ಕಂಪೆನಿ 1960ರ ದಶಕದ ಆರಂಭದಲ್ಲಿ ಹೊರತಂದದ್ದು, ನಂತರ ಹತ್ತಾರು ಕಂಪೆನಿಗಳು ಅದನ್ನೇ ತಯಾರಿಸಿದವು. ಮೈಕಿನ, ಗಿಟಾರಿನ ತಂತಿ ಚುಚ್ಚುವ ಕಾಲಿಂಚಿನ ಜ್ಯಾಕ್ ಅಂತೂ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಂದ ಬಳುವಳಿ. ಆ ಕಂಪೆನಿ ಮುಚ್ಚಿತು, ಈ ಮಾದರಿ ನಿಂತಿತು ಎಂಬ ಭಯ ಅಸೆಂಬಲ್ ಸೆಟ್ಟಿಗೆ ಬಹುಕಾಲ ಇರಲೇ ಇಲ್ಲ.

ಜಾಲಹಳ್ಳಿಯ ವಾಲ್ವುಗಳು

ಈ ಕಸುಬು ಕರ್ನಾಟಕದಲ್ಲಿ ಬೇರೂರಲು ಬೆಂಗಳೂರಿನದೊಂದು ಅನುಕೂಲವೂ ಇತ್ತು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜಾಲಹಳ್ಳಿಯಲ್ಲಿ 1961ರಿಂದ ಹಾಲೆಂಡಿನ ಫಿಲಿಪ್ಸ್ ಸಹಯೋಗದೊಡನೆ ರೇಡಿಯೊ ವಾಲ್ವುಗಳನ್ನೂ, ಮರುವರ್ಷದಿಂದ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಬಿಡಿ ಭಾಗಗಳ ವ್ಯಾಪಾರಕ್ಕೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ 'ಎಸ್.ಪಿ. ರೋಡ್' ಹೆಸರಾಯಿತು. ಮೈಸೂರಿಗೆ, ಅಲ್ಲಿಂದ ನಂಜನಗೂಡು, ಬೇಗೂರು, ಗುಂಡ್ಲುಪೇಟೆಗಳಿಗೆ ಭಾಗಗಳು ಬಸ್ಸಿನಲ್ಲಿ, ಅನೇಕ ವೇಳೆ ರಿಪೇರಿಯವನ ಅಂಗಿ ಜೇಬಿನಲ್ಲೇ ಬಂದಿಳಿಯುತ್ತಿದ್ದವು.

ಆ ವಾಲ್ವುಗಳಲ್ಲಿ ಇಎಲ್ 84 ಎಂಬುದೊಂದು. ನಮ್ಮ ಹಳೆಯ ರೇಡಿಯೊಗಳಲ್ಲಿ ವಾರ್ತೆ ಓದಿಸಿದ್ದು ಇದೇ ಜಾತಿಯ ವಾಲ್ವು. ಅತ್ತ ಇಂಗ್ಲೆಂಡಿನಲ್ಲಿ ಬೀಟಲ್ಸ್ ತಂಡದವರು ಬಳಸಿದ ಪ್ರಸಿದ್ಧ 'ವಾಕ್ಸ್ ಎಸಿ 30' ಗಿಟಾರ್ ಆಂಪ್ಲಿಫೈಯರಿನ ಔಟ್‌ಪುಟ್ಟಿನಲ್ಲಿದ್ದದ್ದೂ ನಾಲ್ಕು ಇಎಲ್ 84ಗಳೇ! ಬಿಇಎಲ್ ಮುದ್ರೆಯ ಹಳೆಯ ವಾಲ್ವುಗಳನ್ನು ಇಂದಿಗೂ ಹೊರದೇಶಗಳ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ನಾವು ಗುಜರಿಗೆ ಹಾಕಿದ್ದು ಅವರಿಗೆ ಸಂಗ್ರಹಯೋಗ್ಯ ವಸ್ತುವಾಗಿದೆ.

ಅವರಿಗೇಕೆ ವಾಲ್ವಿನ ಹುಚ್ಚು? ಮೈಕ್ ಸೆಟ್ಟಿನ ಕೆಲಸ ಮಾತನ್ನು ಕೆಡಿಸದೆ ದೂರಕ್ಕೆ ಮುಟ್ಟಿಸುವುದು. ಗಿಟಾರ್ ಆಂಪ್ಲಿಫೈಯರಿನ ಕೆಲಸ ಅದಲ್ಲ. ಸಂಕೇತವನ್ನು ವಾಲ್ವಿನ ಶಕ್ತಿ ಮೀರಿ ನೂಕಿದಾಗ ಅದರ ತುದಿಗಳು ಮೆತ್ತಗೆ ಕತ್ತರಿಸಿಹೋಗಿ ಹೊಸ ಸ್ವರಗಳು ಹುಟ್ಟುತ್ತವೆ. ರಾಕ್ ಸಂಗೀತದ ಆ ಗೊಗ್ಗರು ಗಿಟಾರ್ ದನಿ ಹುಟ್ಟಿದ್ದು ಹೀಗೆ. ಮೈಕ್ ಸೆಟ್ಟಿನವನು ದೋಷ ಎಂದು ಸರಿಪಡಿಸುವುದನ್ನು ಗಿಟಾರಿನವನು ಕಾಸು ಕೊಟ್ಟು ಕೊಳ್ಳುತ್ತಾನೆ. ಒಂದೊಂದು ಕಂಪೆನಿಯ ಆಂಪ್ಲಿಫೈಯರಿನದೂ ಒಂದೊಂದು ಬಗೆಯ ಗೊಗ್ಗರು. ಎಲ್ಲವೂ ಬೇಕೆಂದರೆ ಮನೆ ತುಂಬಾ ಪೆಟ್ಟಿಗೆಗಳಾಗುತ್ತವೆ.

ಮಿಷಿಗನ್ನಿನ ಬ್ರೂಸ್ ಎಗ್ನೇಟರ್ ಎಂಬ ತಯಾರಕ ಇದಕ್ಕೊಂದು ಉಪಾಯ ಹೂಡಿದ. ಟ್ರಾನ್ಸ್‌ಫಾರ್ಮರು, ಔಟ್‌ಪುಟ್ಟು ಒಂದೇ ಇರಲಿ, ದನಿಯ ಗುಣ ನಿರ್ಧರಿಸುವ ಪ್ರಿ-ಆಂಪ್ಲಿಫೈಯರನ್ನು ಮಾತ್ರ ಎರಡು ವಾಲ್ವುಗಳ ಪುಟ್ಟ ಪೆಟ್ಟಿಗೆಯಾಗಿಸಿ, ಮೇಜಿನ ಖಾನೆಯಂತೆ ಎಳೆದು ಬದಲಿಸುವ ಹಾಗೆ ಮಾಡಿದ. 2000ದ ದಶಕದ ನಡುವಿನಲ್ಲಿ ರ‍್ಯಾಂಡಲ್ ಕಂಪೆನಿ ಇದನ್ನು 'ಮಾಡ್ಯುಲರ್ ಟ್ಯೂಬ್ ಸಿಸ್ಟಂ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಗಣಕದ ಚಿಪ್ಪೇ ನೂರಾರು ಆಂಪ್ಲಿಫೈಯರುಗಳ ದನಿಯನ್ನು ಅನುಕರಿಸುವ ತಂತ್ರ ಬಲಿತಿತ್ತು. 1998ರಲ್ಲಿ ಬಂದ 'ಲೈನ್ 6 ಪಾಡ್' ಅದರ ಮುಂಗೋಳಿ. ರ‍್ಯಾಂಡಲ್ ತನ್ನ ತಯಾರಿಕೆ ನಿಲ್ಲಿಸಿತು.

ಕೊಂಡವರ ಕೈಯಲ್ಲಿ ಖಾನೆಗಳಿದ್ದವು, ಹೊಸ ಖಾನೆ ಸಿಗುವಂತಿರಲಿಲ್ಲ. ಆಗ ಆ ಬಳಗವನ್ನು ಬದುಕಿಸಿದ್ದು ಕೆಲವು ಬೆಸುಗೆ ಕೈಗಳು: ಹಳೆಯ ಖಾನೆಗಳನ್ನು ಬಿಚ್ಚಿ, ಒಳಗಿನ ಭಾಗ ಬದಲಿಸಿ ಹೊಸ ದನಿ ಬರಿಸಿಕೊಡುವ ತಂತ್ರಜ್ಞರು. ಮುಂದೆ ಎಗ್ನೇಟರನನ್ನೇ ಜತೆಗಿಟ್ಟುಕೊಂಡು 'ಸಿನರ್ಜಿ' ಎಂಬ ಹೊಸ ವ್ಯವಸ್ಥೆ ಬಂತು. ಸೋಲ್ಡಾನೊ, ಫ್ರೀಡ್‌ಮನ್ ಮುಂತಾದ ಹೆಸರಾಂತ ತಯಾರಕರ ದನಿಗಳೂ ಅದರಲ್ಲಿ ದೊರೆಯುತ್ತವೆ. ಹಳೆಯ ಖಾನೆಗಳು ಕೂಡ ಅದಕ್ಕೆ ಹೊಂದುತ್ತವೆ ಎಂಬುದೇ ಅದರ ದೊಡ್ಡ ಗುಣ. ಹೊಸ ಕಂಪೆನಿ ಹಳೆಯ ಕೊಂಡಿಯನ್ನು ಗೌರವಿಸದೆ ಹೋಗಿದ್ದರೆ ಆ ಪೆಟ್ಟಿಗೆಗಳೆಲ್ಲ ಅಟ್ಟ ಸೇರುತ್ತಿದ್ದವು.

ಹಾಗೆಂದು ಅವರ ಆತಂಕ ಮುಗಿದಿಲ್ಲ. ಗಿಟಾರ್ ಆಂಪ್ಲಿಫೈಯರಿನ ವಾಲ್ವುಗಳು ಈಗ ತಯಾರಾಗುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ. 2022ರ ಮಾರ್ಚ್‌ನಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೇ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಸಾರಾತೊವ್ ನಗರದ ಕಾರ್ಖಾನೆಯ ವಾಲ್ವುಗಳು ಬರುತ್ತವೋ ಇಲ್ಲವೋ ಎಂದು ಅಮೆರಿಕದ ಗಿಟಾರ್ ಲೋಕ ಗಾಬರಿಯಾಗಿತ್ತು. ಸರಬರಾಜು ಮತ್ತೆ ಶುರುವಾಯಿತಾದರೂ ಒಂದು ಕಾರ್ಖಾನೆಯನ್ನು ನೆಚ್ಚಿದ ಮಾರುಕಟ್ಟೆ ಎಷ್ಟು ತೆಳುವಾದುದೆಂದು ಎಲ್ಲರಿಗೂ ಗೊತ್ತಾಯಿತು.

ಬೇಗೂರಿನ ಲೆಕ್ಕ

ನಮ್ಮ ಅಸೆಂಬಲ್ ಸೆಟ್ಟಿಗೆ ಬಂದಿರುವ ಕಂಟಕ ಬೇರೆ ಬಗೆಯದು. ಜಪಾನಿನ ಸ್ಯಾನ್ಯೋ ಕಂಪೆನಿಯ ಎಲ್‌ಎ 4440 ಎಂಬ ಐಸಿಯನ್ನು ತಿಳಿಯದ ರೇಡಿಯೊ ರಿಪೇರಿಯವನು ನಮ್ಮಲ್ಲಿ ಇರಲಾರ. ಎರಡು ಚಾನೆಲ್ಲಿಗೆ ತಲಾ ಆರು ವ್ಯಾಟ್, ಒಟ್ಟುಗೂಡಿಸಿದರೆ 19 ವ್ಯಾಟ್, ಅದೂ 12 ವೋಲ್ಟಿನ ಬ್ಯಾಟರಿಯಲ್ಲಿ. ಆಟೊದಿಂದ ಟ್ರ್ಯಾಕ್ಟರಿನವರೆಗೆ ಹಾಡಿದ್ದು ಇದೇ. ಸ್ಯಾನ್ಯೋದ ಅರೆವಾಹಕ ವಿಭಾಗ 2011ರಲ್ಲಿ ಅಮೆರಿಕದ ಆನ್ ಸೆಮಿಕಂಡಕ್ಟರ್ ಪಾಲಾಯಿತು. ಈಗ ಅಂಗಡಿಯಲ್ಲಿ ಅದೇ ಸಂಖ್ಯೆ ಹೊತ್ತು ಬರುವುದು ಹೆಚ್ಚಾಗಿ ಅನುಕರಣೆಗಳು. ಒಂದು ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಸ್ವಿಚ್ ಹಾಕಿದ ಕೂಡಲೇ ಹೊಗೆಯಾಡುತ್ತದೆ. ಸ್ಯಾನ್ಯೋದ್ದೇ ಆದ 'ಎಸ್‌ಟಿಕೆ' ಮಾಡ್ಯೂಲುಗಳ ಪಾಡೂ ಇದೇ. ಭಾಗ ನಕಲಿಯಾದರೆ ಗಿರಾಕಿಯ ಬೈಗುಳ ಮಾತ್ರ ರಿಪೇರಿಯವನಿಗೆ.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು 'ಕ್ಲಾಸ್ ಡಿ' ಆಂಪ್ಲಿಫೈಯರ್. ಹಳೆಯ ಸೆಟ್ಟು ವಿದ್ಯುತ್ತಿನ ದೊಡ್ಡ ಪಾಲನ್ನು ಶಾಖವಾಗಿ ಕಳೆಯುತ್ತದೆ. ಕ್ಲಾಸ್ ಡಿ ಸಂಕೇತವನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಹಾಕಿ-ಆರಿಸುವ ಸ್ವಿಚ್ಚಿನಂತೆ ನಡೆಸುವುದರಿಂದ ನೂರಕ್ಕೆ ತೊಂಬತ್ತರಷ್ಟು ಶಕ್ತಿ ಸ್ಪೀಕರಿಗೇ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಮಾಯ, ಅಲ್ಯೂಮಿನಿಯಂ ಪಟ್ಟಿಯೂ ಮಾಯ. ಆಂಪ್ಲಿಫೈಯರು, ಬ್ಯಾಟರಿ, ಬ್ಲೂಟೂತ್ ಎಲ್ಲವೂ ಒಳಗೇ ಇರುವ, ಒಂದೇ ಕೈಯಲ್ಲಿ ಎತ್ತಬಹುದಾದ ಸ್ಪೀಕರ್ ಪೆಟ್ಟಿಗೆಗಳು ಮದುವೆ ಮನೆಗೆ ಬಂದಿವೆ. ಗಿರಾಕಿಗೆ ಇದು ಲಾಭವೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಳಗಿನ ಭಾಗಗಳು ರಾಗಿಕಾಳಿಗಿಂತ ತುಸು ದೊಡ್ಡವು, ಎಲ್ಲವೂ ಒಂದೇ ಬೋರ್ಡಿನ ಮೇಲೆ. ಕೆಟ್ಟರೆ ಇಡೀ ಬೋರ್ಡೇ ಬದಲಾಗಬೇಕು, ಆ ಬೋರ್ಡು ಬೇಗೂರಿನಲ್ಲಿ ಮಾತ್ರವಲ್ಲ, ಎಷ್ಟೋ ಸಲ ಎಸ್.ಪಿ. ರಸ್ತೆಯಲ್ಲೂ ಸಿಗದು.

ಮೂರನೆಯದು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. ಮಲೆ ಮಹದೇಶ್ವರನ ಕಥೆ ಹಾಡುವ ಕಂಸಾಳೆಯವರು, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಬೆಳತನಕ ಹಾಡುವ ಈ ಸೀಮೆಯಲ್ಲಿ ಮೈಕ್ ಸೆಟ್ಟಿನ ದುಡಿಮೆಯ ಹೊತ್ತೇ ರಾತ್ರಿ. ಮಲಗುವವರ, ಓದುವ ಮಕ್ಕಳ ದೃಷ್ಟಿಯಿಂದ ನಿಯಮ ಸರಿಯಾದುದೇ. ಆದರೂ ಅದರಿಂದ ಹೊಟ್ಟೆಗೆ ಹೊಡೆತ ಬಿದ್ದದ್ದು ತಂಬೂರಿಯವನ ಮುಂದೆ ಒಂದು ಮೈಕು ಇಡುವ ಸಣ್ಣ ಸೆಟ್ಟಿನವನಿಗೂ ಹೌದು. ಎದೆ ನಡುಗಿಸುವ ಡಿ.ಜೆ.ಗೂ ಅವನಿಗೂ ಒಂದೇ ತಕ್ಕಡಿ.

ಇನ್ನು ಈ ಕಸುಬಿಗೆ ಉಳಿದಿರುವ ಜಾಗ ಯಾವುದು? ಅದೇ ನಿಯಮ ಸಭಾಂಗಣ, ಸಮುದಾಯ ಭವನಗಳಂಥ ಮುಚ್ಚಿದ ಜಾಗಗಳನ್ನು ರಾತ್ರಿಯ ನಿಷೇಧದಿಂದ ಹೊರಗಿಟ್ಟಿದೆ. ಕೋಣೆಯೊಳಗಿನ ಸಂಗೀತಕ್ಕೆ ಹತ್ತಿಪ್ಪತ್ತು ವ್ಯಾಟ್ ಧಾರಾಳ. ಕಾಲೇಜು ಹುಡುಗರ ಕೈಯಲ್ಲಿ ಈಗ ಗಿಟಾರು ಹೊಸತಲ್ಲ. ರಸಮಂಜರಿ ವಾದ್ಯಗೋಷ್ಠಿಗಳಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ಆಂಪ್ಲಿಫೈಯರ್ ಇರುವುದೇ ಅಪರೂಪ, ಅದನ್ನು ನೇರ ಮಿಕ್ಸರಿಗೆ ಚುಚ್ಚುವುದೇ ರೂಢಿ. ಚುಚ್ಚಿದರೆ ದನಿ ಮಂಕು. ಕಾರಣ ಸರಳ. ಗಿಟಾರಿನ ತಂತಿಯ ಕೆಳಗಿರುವ 'ಪಿಕಪ್' ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯ ತಾಮ್ರ. ಅದು ಬಲು ದುರ್ಬಲ ಮೂಲ. ಮೈಕಿಗೆಂದು ಮಾಡಿದ ಬಾಯಿಗೆ ಅದನ್ನು ಜೋಡಿಸಿದರೆ ಭಾರ ತಾಳಲಾರದೆ ಮೇಲಿನ ಸ್ವರಗಳೆಲ್ಲ ಕುಸಿಯುತ್ತವೆ. ಅದಕ್ಕೆ ಬೇಕಾದದ್ದು ಸುಮಾರು ಹತ್ತು ಲಕ್ಷ ಓಮ್, ಅಂದರೆ ಒಂದು ಮೆಗಾಓಮ್ ನಿರೋಧದ ಹಗುರ ಬಾಯಿ.

ಅಂಥ ಬಾಯಿ ಮಾಡಲು ಅಮೆರಿಕದ ಖಾನೆ ಬೇಕಿಲ್ಲ. ಡಿಪ್ಲೊಮಾ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಗುಣರೇಖೆ ಬರೆಯಲು ಬಳಸುವ 'ಬಿಎಫ್‌ಡಬ್ಲ್ಯು 10'ನಂಥ ಒಂದು ಎಫ್‌ಇಟಿ, ಎರಡು ಮೂರು ರೆಸಿಸ್ಟರು, ಒಂದೆರಡು ಕಂಡೆನ್ಸರು, ಒಂಬತ್ತು ವೋಲ್ಟಿನ ಬ್ಯಾಟರಿ ಸಾಕು. ಬೆಂಕಿಪೊಟ್ಟಣದಷ್ಟು ಅಗಲದ ಬೋರ್ಡಿನಲ್ಲಿ ಮುಗಿಯುವ ಕೆಲಸ. ಅದರ ಹಿಂದೆ ಎಂದಿನ ಬ್ಯಾಕ್ಸಂಡಾಲ್ ಟೋನ್ ಬೋರ್ಡು, ಎಲ್‌ಎ 4440 ಅಥವಾ ಟಿಡಿಎ 2030 ಐಸಿಯ ಔಟ್‌ಪುಟ್ಟು, ಹತ್ತಿಂಚಿನ ಸ್ಪೀಕರು ಇಟ್ಟರೆ ಅಭ್ಯಾಸಕ್ಕೆ ಒದಗುವ ಗಿಟಾರ್ ಆಂಪ್ಲಿಫೈಯರ್ ಸಿದ್ಧ. ಗೊಗ್ಗರು ದನಿಯೂ ಬೇಕೆಂದರೆ ನಡುವೆ ಇನ್ನೊಂದು ಬೋರ್ಡು ಸೇರಿಸಿದರಾಯಿತು, ಬೇಡವೆಂದರೆ ಬಿಚ್ಚಿದರಾಯಿತು. ಆದರೆ ವಾಲ್ವಿನ ಆಸೆಗೆ ಬಿದ್ದವರು ಒಂದು ಮಾತು ನೆನಪಿಡಬೇಕು: ಇಎಲ್ 84ಕ್ಕೆ ಉಣಿಸುವುದು 12 ವೋಲ್ಟಲ್ಲ, 250-300 ವೋಲ್ಟ್. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಕಲಿತವರ ಪಕ್ಕ ಕೂತು ಕಲಿಯದೆ ಅದರೊಳಗೆ ಕೈ ಹಾಕಬಾರದು.

ಅಂಥ ಕಲಿತವರು ಸದ್ಯಕ್ಕಂತೂ ಮೈಕ್ ಸೆಟ್ ಅಂಗಡಿಗಳಲ್ಲೇ ಸಿಗುತ್ತಾರೆ. ಗಿಟಾರ್ ಹಿಡಿದ ಹುಡುಗ ಆ ಅಂಗಡಿಯ ಮೆಟ್ಟಿಲು ಹತ್ತುವುದು ಮಾತ್ರ ಇನ್ನೂ ಅಪರೂಪ.