ಹೆಗಲೇರಿದ ಸೈಕಲ್ಲು

ಹತ್ತನೆಯ ಹುಟ್ಟುಹಬ್ಬಕ್ಕೆ ಸೈಕಲ್ಲೊಂದು, ಭೂಪಟಗಳ ಪುಸ್ತಕವೊಂದು ಉಡುಗೊರೆಯಾಗಿ ದೊರೆತಾಗ ಐರ್ಲೆಂಡಿನ ಬಾಲಕಿ ಡರ್ವ್ಲಾ ಮರ್ಫಿ ಸಂಕಲ್ಪಿಸಿದಳು: ಸೈಕಲ್ ತುಳಿದೇ ಭಾರತವನ್ನು ತಲುಪಬೇಕು. ಆದರೆ ಸಂಧಿವಾತದಿಂದ ನಡೆಯಲಾರದ ತಾಯಿಯ ಶುಶ್ರೂಷೆಗಾಗಿ ಹದಿನಾಲ್ಕರಲ್ಲಿಯೇ ಶಾಲೆ ಬಿಡಬೇಕಾಯಿತು. ತಾಯಿ 1962ರಲ್ಲಿ ತೀರಿಕೊಂಡರು. ಮರುವರ್ಷದ ಜನವರಿಯಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಆಕೆ ಒಂಟಿಯಾಗಿ ಹೊರಟರು. ಕೆಟ್ಟ ಹಾದಿಯಲ್ಲಿ ಬಾಳದೆಂದು ಸೈಕಲ್ಲಿನ ಗೇರುಗಳನ್ನು ಮೊದಲೇ ತೆಗೆಸಿದ್ದರು.

ಆ ಪಯಣದಲ್ಲಿ ಮರೆಯಲಾಗದ ದಿನವೆಂದರೆ ಪಾಕಿಸ್ತಾನದ ಬಾಬೂಸರ್ ಘಟ್ಟವನ್ನು ದಾಟಿದ ದಿನ. ಅದರ ಎತ್ತರ ಸುಮಾರು 4,170 ಮೀಟರು. ಕೆಳಗೆ ಸಿಂಧೂ ಕಣಿವೆಯಲ್ಲಿ ಕುಲುಮೆಯಂತಹ ಬಿಸಿಲು. ಮೇಲೆ ಜೂನ್ ತಿಂಗಳಿನಲ್ಲಿಯೂ ಕರಗದ ಹಿಮ. ಅಷ್ಟು ಎತ್ತರದಲ್ಲಿ ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲೂ ಇರದು. ಹಿಮ ಮುಚ್ಚಿದ ದಾರಿಯಲ್ಲಿ ಗಾಲಿ ಉರುಳಲೊಲ್ಲದು. ಸಾವಿರಾರು ಮೈಲಿ ತನ್ನನ್ನು ಹೊತ್ತು ತಂದ ಸೈಕಲ್ಲನ್ನು ಆಕೆ ತಾನೇ ಹೊತ್ತು ನಡೆದರು!

ಜುಲೈ ತಿಂಗಳಿನಲ್ಲಿ ದೆಹಲಿ ಸೇರಿದ ಮರ್ಫಿ, ಬಳಿಕ ಧರ್ಮಶಾಲೆಯಲ್ಲಿ ಟಿಬೆಟಿನ ನಿರಾಶ್ರಿತ ಮಕ್ಕಳ ಸೇವೆಗೆ ನಿಂತರು. ಮುಂದೆ ಪುಟ್ಟ ಮಗಳೊಡನೆ ನಮ್ಮ ಕೊಡಗಿಗೂ ಬಂದು ತಂಗಿದರು. 1976ರಲ್ಲಿ ಆ ಕುರಿತು ಪುಸ್ತಕವನ್ನೂ ಪ್ರಕಟಿಸಿದರು. 2022ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ನಿಧನರಾದರು.

ಮನೆಯ ಹೊಣೆಯ ಮುಂದೆ ಆಸೆಗಳು ಬಾಡಿಹೋದವೆಂದು ಕೊರಗುವ ಸೋದರಿಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಮರ್ಫಿಯವರ ಸಂಕಲ್ಪ ಇಪ್ಪತ್ತೊಂದು ವರ್ಷ ಕಾದಿತ್ತು, ಬಾಡಿರಲಿಲ್ಲ. ತಾಯಿಯನ್ನು ಎತ್ತಿ ಕೂರಿಸಿದ ಆ ತೋಳುಗಳಿಗೆ, ಹಿಮದಲ್ಲಿ ಸೈಕಲ್ಲು ಭಾರವಾಗಲಿಲ್ಲ.